ಹೆಸರು ನಮ್ಮದು, ಖಾತೆ ಇನ್ನೊಬ್ಬರದು: ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಯದರ್ಶಿಗಳೇ,

ಕಳೆದ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದು ಹತ್ತು ದಿನ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಆರೂವರೆಗೆ ನಮ್ಮ ವಿದ್ಯಾರ್ಥಿನಿಲಯದ ಗೇಟಿನ ಮುಂದೆ ಒಬ್ಬ ತಂದೆ ಮತ್ತು ಮಗ ನಿಂತಿದ್ದರು. ದೇವದುರ್ಗದ ಕಡೆಯವರು. ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು, ದಾರಿ ಕೇಳಿಕೊಳ್ಳುತ್ತ ಚಾಮರಾಜಪೇಟೆಯವರೆಗೆ ನಡೆದೇ ಬಂದಿದ್ದರು. ಬಾಗಿಲು ತೆರೆದ ನಮ್ಮ ಅಡುಗೆಯವರನ್ನು ಆ ತಂದೆ ಕೇಳಿದ ಮೊದಲ ಮಾತು, “ನಿಲಯ ಇನ್ನೂ ನಡೆಯುತ್ತಿದೆಯೇ?” ಎಂದು.

ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಲು ಕುಳಿತಾಗ, ನಮ್ಮ ಜಾಲತಾಣ ಇರಬೇಕಾದ ಜಾಗದಲ್ಲಿ, ಖಾತೆಯನ್ನು ಅಮಾನತುಗೊಳಿಸಲಾಗಿದೆ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಕಂಡಿತಂತೆ. ಅಂಗಡಿಯ ಹುಡುಗ ಅದನ್ನು ಓದಿ, ನಿಲಯವನ್ನೇ ಸರ್ಕಾರ ಮುಚ್ಚಿಸಿರಬೇಕು ಎಂದನಂತೆ. ತಂದೆಗೆ ನಂಬಿಕೆಯಾಗಲಿಲ್ಲ. ಅವರ ಊರಿನವರೇ ಒಬ್ಬರು ಇಪ್ಪತ್ತು ವರ್ಷಗಳ ಹಿಂದೆ ನಮ್ಮಲ್ಲಿ ಉಂಡು ಓದಿ ಹೋಗಿದ್ದರು. ಕಣ್ಣಾರೆ ನೋಡಿಯೇ ಬಿಡೋಣ ಎಂದು ಹೊರಟು ಬಂದರು. ಅವರ ಮಗ ಈಗ ನಮ್ಮಲ್ಲೇ ಇದ್ದು ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಆದರೆ ಅಂಗಡಿಯ ಹುಡುಗನ ಮಾತನ್ನು ನಂಬಿ ಮನೆಗೆ ಮರಳಿದವರು ಎಷ್ಟು ಮಂದಿ? ಪ್ರತಿ ವರ್ಷ ಇನ್ನೂರರ ಆಸುಪಾಸಿನಲ್ಲಿ ಬರುತ್ತಿದ್ದ ಅರ್ಜಿಗಳು ಆ ವರ್ಷ ಅರವತ್ತೆರಡಕ್ಕೆ ನಿಂತವು. ಉಳಿದ ಮಕ್ಕಳು ಎಲ್ಲಿ ಹೋದರು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಮಕ್ಕಳ ಸಲುವಾಗಿ.

ನಾನು ದೂರವಾಣಿ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾದವಳು. ಒಂಬತ್ತು ವರ್ಷಗಳಿಂದ ಈ ಉಚಿತ ನಿಲಯದ ಗೌರವ ಕಾರ್ಯದರ್ಶಿ. ಎಪ್ಪತ್ತು ಹುಡುಗರಿಗೆ ಊಟ, ವಸತಿ, ಓದುವ ಕೋಣೆ; ಖರ್ಚೆಲ್ಲ ದಾನಿಗಳದು. ನಿಲಯದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ನಮ್ಮ ಜಾಲತಾಣ ಕಟ್ಟಿಕೊಟ್ಟ ಕಂಪನಿಯ ಗುರುತು ಹತ್ತುತ್ತದೆ, ಅದು ನನಗೆ ಬೇಡ. ಏಕೆಂದು ಮುಂದೆ ಹೇಳುತ್ತೇನೆ.

2014ರಲ್ಲಿ ಜಯನಗರದ ಒಂದು ಸಣ್ಣ ಕಂಪನಿ ನಮಗೆ ಜಾಲತಾಣ ಮಾಡಿಕೊಟ್ಟಿತು. ಮೂರನೇ ಮಹಡಿಯ ಒಂದು ಕೋಣೆ, ನಾಲ್ಕು ಮಂದಿ ಹುಡುಗರು. ಕೆಲಸ ಚೆನ್ನಾಗಿಯೇ ಇತ್ತು. ನಮ್ಮ ಹಳೆಯ ಸ್ಮರಣ ಸಂಚಿಕೆಗಳ ಬರಹವೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿತ್ತು. ಅದನ್ನು ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರಗಳು ಕೆಟ್ಟುಹೋದವು. ಆ ಹುಡುಗರು ಪುಟಪುಟವನ್ನೂ ಕೂತು ತಿದ್ದಿದರು, ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳಲಿಲ್ಲ. ಅಲ್ಲಿಂದ ಪ್ರತಿ ಏಪ್ರಿಲ್‌ನಲ್ಲಿ ಒಂದು ಬಿಲ್ಲು ಬರುತ್ತಿತ್ತು, ಹದಿನಾಲ್ಕು ಸಾವಿರ ರೂಪಾಯಿ, “ಡೊಮೈನ್ ಮತ್ತು ಹೋಸ್ಟಿಂಗ್ ಸಹಿತ” ಎಂದು. ನಾವು ಚೆಕ್ ಬರೆದು ಕಳುಹಿಸುತ್ತಿದ್ದೆವು. ಹನ್ನೊಂದು ವರ್ಷ ಆ ಒಂದು ಸಾಲಿನ ಅರ್ಥವೇನೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಅರ್ಥವನ್ನು ಈಗ ಕಲಿತಿದ್ದೇನೆ. ಜಾಲತಾಣ ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದು ಮೂರು ಬೇರೆ ಬೇರೆ ವಸ್ತುಗಳು. ಬರಹ, ಚಿತ್ರ, ಅರ್ಜಿ ನಮೂನೆ ಒಂದು. ಅವುಗಳನ್ನು ಇಟ್ಟಿರುವ ಬಾಡಿಗೆ ಜಾಗ, ಅಂದರೆ ಹೋಸ್ಟಿಂಗ್, ಇನ್ನೊಂದು. ಜನ ಟೈಪ್ ಮಾಡುವ ಹೆಸರು, ಅಂದರೆ ಡೊಮೈನ್, ಮೂರನೆಯದು. ಮೊದಲನೆಯದು ಕಳೆದರೆ ಮತ್ತೆ ಬರೆಯಬಹುದು. ಎರಡನೆಯದು ಹೋದರೆ ಬೇರೆ ಕಡೆ ಬಾಡಿಗೆಗೆ ಹಿಡಿಯಬಹುದು. ಹೆಸರು ಹಾಗಲ್ಲ. ನಮ್ಮ ರಸೀದಿ ಪುಸ್ತಕದ ಮೇಲೆ, ಗೋಡೆಯ ಫಲಕದ ಮೇಲೆ, ಊರೂರಿನ ಶಾಲೆಗಳಿಗೆ ಕಳುಹಿಸಿದ ಕರಪತ್ರದ ಮೇಲೆ, ಹಳೆಯ ವಿದ್ಯಾರ್ಥಿಗಳ ನೆನಪಿನಲ್ಲಿ ಇರುವುದು ಆ ಹೆಸರೇ. ನೋಂದಣಿ ದಾಖಲೆಯಲ್ಲಿ ಆ ಹೆಸರಿನ ಮಾಲೀಕ ಎಂದು ಇದ್ದದ್ದು ಕಂಪನಿಯ ಯಜಮಾನರು. ಇಮೇಲ್ ವಿಳಾಸವೂ ಅವರದೇ.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ಮೇಸ್ತ್ರಿ ಎಷ್ಟೇ ಚೆನ್ನಾಗಿ ಮನೆ ಕಟ್ಟಿದರೂ ಖಾತೆ ಮೇಸ್ತ್ರಿಯ ಹೆಸರಿಗೆ ಆಗುವುದಿಲ್ಲ. ನಮ್ಮ ವಿಷಯದಲ್ಲಿ ಮಾತ್ರ ಖಾತೆ ಮೇಸ್ತ್ರಿಯ ಹೆಸರಿಗೇ ಆಗಿತ್ತು, ಅದೂ ಯಾರ ಕೆಟ್ಟ ಬುದ್ಧಿಯಿಂದಲೂ ಅಲ್ಲ. 2014ರಲ್ಲಿ ನೋಂದಣಿಯ ನಮೂನೆ ಇಮೇಲ್ ಕೇಳಿದಾಗ ನಿಲಯಕ್ಕೆ ಇಮೇಲೇ ಇರಲಿಲ್ಲ. ಅವರು ತಮ್ಮದನ್ನು ಹಾಕಿದರು, ನಾವು ಸುಮ್ಮನಿದ್ದೆವು.

ಮೇ ತಿಂಗಳಲ್ಲಿ ತಾಣ ಕತ್ತಲಾದದ್ದು ಹೋಸ್ಟಿಂಗ್ ಬಾಡಿಗೆ ಕಟ್ಟದ್ದರಿಂದ. ನಾವು ಕಂಪನಿಗೆ ಏಪ್ರಿಲ್‌ನಲ್ಲೇ ದುಡ್ಡು ಕೊಟ್ಟಿದ್ದೆವು. ಕಂಪನಿ ಮುಂದಕ್ಕೆ ಕಟ್ಟಿರಲಿಲ್ಲ. ಬೇರೆ ಕಡೆ ಜಾಗ ಹಿಡಿದರೂ ಹೆಸರನ್ನು ಅಲ್ಲಿಗೆ ತಿರುಗಿಸುವ ಅಧಿಕಾರ ದಾಖಲೆಯಲ್ಲಿರುವ ಮಾಲೀಕರದೇ. ಫೋನ್ ಮಾಡಿದರೆ ಗಂಟೆ ಹೊಡೆಯುತ್ತಿತ್ತು, ಎತ್ತುವವರಿಲ್ಲ. ಇಮೇಲ್‌ಗಳಿಗೆ ಉತ್ತರವಿಲ್ಲ. ಜಯನಗರಕ್ಕೆ ಹೋದರೆ ಆ ಮೂರನೇ ಮಹಡಿಯಲ್ಲಿ ನೀಟ್ ತರಬೇತಿ ಕೇಂದ್ರದ ಫಲಕ. ರಿಜಿಸ್ಟರ್ಡ್ ಪೋಸ್ಟ್ ಹತ್ತು ದಿನಗಳ ಮೇಲೆ, ವಿಳಾಸದಾರರು ಜಾಗ ಬಿಟ್ಟಿದ್ದಾರೆ ಎಂಬ ಷರಾ ಹೊತ್ತು ಮರಳಿತು. ಹೆಸರು ನೋಂದಾಯಿಸಿದ್ದ ಸಂಸ್ಥೆಗೆ ನಮ್ಮ ಟ್ರಸ್ಟ್ ಪತ್ರ, ಪ್ಯಾನ್, ಹನ್ನೊಂದು ವರ್ಷದ ಬಿಲ್ಲುಗಳು, ಚೆಕ್ಕಿನ ನಕಲುಗಳನ್ನೆಲ್ಲ ಕಳುಹಿಸಿದೆವು. ಬಂದ ಉತ್ತರ ವಿನಯದಿಂದಲೇ ಕೂಡಿತ್ತು. ದಾಖಲೆಯಲ್ಲಿರುವ ಮಾಲೀಕರ ಜೊತೆ ಮಾತ್ರ ನಾವು ವ್ಯವಹರಿಸಬಹುದು, ಇಲ್ಲವೇ ನ್ಯಾಯಾಲಯದ ಆದೇಶ ತನ್ನಿ, ಎಂದು.

ನಿಯಮಗಳಿಲ್ಲವೆಂದಲ್ಲ, ಬೇಕಾದಷ್ಟಿವೆ. ನಮ್ಮದು ಡಾಟ್ ಆರ್ಗ್ ಹೆಸರು. ಅದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಐಕಾನ್ ಎಂಬ ಸಂಸ್ಥೆಯ ನಿಯಮ ಅನ್ವಯಿಸುತ್ತದೆ. ಹೆಸರನ್ನು ಬೇರೆ ಕಡೆ ಒಯ್ಯಲು ಬೇಕಾದ ಗುಪ್ತ ಸಂಕೇತವನ್ನು ಮಾಲೀಕ ಕೇಳಿದ 5 ದಿನಗಳ ಒಳಗೆ ಕೊಡಬೇಕು. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಮತ್ತೊಮ್ಮೆ ನೆನಪೋಲೆ ಕಳುಹಿಸಬೇಕು. ಡಾಟ್ ಇನ್ ಹೆಸರುಗಳನ್ನು ನಮ್ಮ ದೇಶದ ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ, ಅಲ್ಲಿಯೂ ವ್ಯಾಜ್ಯ ಬಗೆಹರಿಸುವ ವ್ಯವಸ್ಥೆ ಇದೆ. ಆದರೆ ಸಂಕೇತವಾಗಲಿ ನೆನಪೋಲೆಯಾಗಲಿ ಹೋಗುವುದು ದಾಖಲೆಯಲ್ಲಿರುವ ಹೆಸರಿಗೆ. ನಮ್ಮ ನೆನಪೋಲೆಗಳು ಯಾರೂ ತೆರೆಯದ ಒಂದು ಇಮೇಲ್ ಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದವು.

ಇಲ್ಲಿ ನನ್ನ ಹಳೆಯ ಇಲಾಖೆಯ ನೆನಪಾಗುತ್ತದೆ. ಕಂಬ ಹತ್ತಿ ತಂತಿ ಎಳೆದ ಲೈನ್‌ಮನ್ ಎಂದೂ ದೂರವಾಣಿ ಸಂಖ್ಯೆಯ ಮಾಲೀಕನಾಗಿರಲಿಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ಚಂದಾದಾರರು ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು ಪಡೆದರು. 1900ಕ್ಕೆ ಒಂದು ಸಂದೇಶ ಕಳುಹಿಸಿದರೆ ಸಂಕೇತ ಚಂದಾದಾರರ ಕೈಗೇ ಬರುತ್ತದೆ. ಆ ಏರ್ಪಾಡು ನಡೆಯುವುದು ಸಂಖ್ಯೆ ಚಂದಾದಾರರ ಹೆಸರಿನಲ್ಲೇ ಇರುವುದರಿಂದ. ಸಿಮ್ ಮಾರಿದ ಅಂಗಡಿಯವನ ಹೆಸರಿನಲ್ಲಿ ಇದ್ದಿದ್ದರೆ ಯಾವ ಹಕ್ಕೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಕಾಯಿದೆಯ ದಾರಿ ಹುಡುಕಿದೆವು. ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯಂತೆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರ ಮೇ ತಿಂಗಳಲ್ಲಿ ಹೇಳಿದ್ದು ಸತ್ಯಂ ಇನ್ಫೋವೇ ಪ್ರಕರಣದಲ್ಲಿ. ಆ ದಾವೆ ಹುಟ್ಟಿದ್ದು ಇದೇ ಊರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಎಂದು ವಕೀಲರು ಹೇಳಿದಾಗ ನನಗೆ ಧೈರ್ಯ ಬಂತು. ಆದರೆ ಅದು ಒಂದೇ ಬಗೆಯ ಹೆಸರಿಟ್ಟುಕೊಂಡ ಎರಡು ಕಂಪನಿಗಳ ಜಗಳ. ನಮ್ಮ ಪರವಾಗಿ, ನಮ್ಮ ದುಡ್ಡಿನಲ್ಲಿ, ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡವರ ವಿಷಯ ಬೇರೆ. ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗೋಣವೆಂದರೆ, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಒಬ್ಬರೇ ಮಧ್ಯಸ್ಥರಿರುವ ಪ್ರಕರಣಕ್ಕೆ ಶುಲ್ಕವೇ 1500 ಡಾಲರ್. ಎಪ್ಪತ್ತು ಹುಡುಗರ ಅಕ್ಕಿ ಬೇಳೆಯ ದುಡ್ಡು ಅದು. ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಅಲ್ಲದೆ ಎದುರಾಳಿಯ ದುರುದ್ದೇಶವನ್ನೂ ಅಲ್ಲಿ ರುಜುವಾತು ಮಾಡಬೇಕು. ಗ್ರಾಹಕ ಆಯೋಗಕ್ಕೆ ಹೋದರೆ, 1986ರ ಕಾಯಿದೆಯಡಿ ಟ್ರಸ್ಟ್ ಗ್ರಾಹಕನಲ್ಲ ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪನ್ನು ಎದುರಿಗೆ ಹಿಡಿಯುತ್ತಾರೆ. 2019ರ ಹೊಸ ಕಾಯಿದೆ ವ್ಯಾಖ್ಯೆಯನ್ನು ಹಿಗ್ಗಿಸಿದ್ದರೂ, ಮೊದಲ ಕೆಲವು ವಾಯಿದೆಗಳು ಅದೇ ವಾದದಲ್ಲಿ ಕಳೆಯುತ್ತವೆ ಎಂದರು ವಕೀಲರು. ಪೊಲೀಸ್ ಠಾಣೆಯಲ್ಲಿ ಅಧಿಕಾರಿ ನನ್ನನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡರು. “ಅಮ್ಮಾ, ಅವರ ಹೆಸರಿನಲ್ಲಿರುವುದನ್ನು ಅವರು ಕದ್ದರು ಎಂದು ಹೇಗೆ ಬರೆಯಲಿ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆಗ ವಕೀಲರು ಹೇಳಿದ ಒಂದು ಮಾತಿನಿಂದಲೇ ನಾನು ತಮಗೆ ಬರೆಯುತ್ತಿರುವುದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 46ನೇ ಸೆಕ್ಷನ್ ಪ್ರಕಾರ ನ್ಯಾಯನಿರ್ಣಯ ಅಧಿಕಾರಿ ಎಂಬ ಹುದ್ದೆಯೊಂದಿದೆ. 2003ರಿಂದ ಆಯಾ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯವರೇ ಆ ಅಧಿಕಾರಿ. 5 ಕೋಟಿ ರೂಪಾಯಿವರೆಗಿನ ಪರಿಹಾರದ ದಾವೆಗಳನ್ನು ಅವರು ವಿಚಾರಿಸಬಹುದು. ಹಕ್ಕಿರುವವರಿಗೆ ಕಂಪ್ಯೂಟರ್ ವ್ಯವಸ್ಥೆಯ ಪ್ರವೇಶ ತಪ್ಪಿಸುವುದು 43ನೇ ಸೆಕ್ಷನ್ನಿನ ತಪ್ಪುಗಳಲ್ಲಿ ಒಂದು. ಅಂದರೆ, ಕಾರ್ಯದರ್ಶಿಗಳೇ, ಈ ಊರಿನಲ್ಲಿ ನಮ್ಮಂಥವರ ಅಳಲನ್ನು ಕೇಳಲು ಕಾಯಿದೆಯೇ ನೇಮಿಸಿದ ನ್ಯಾಯಪೀಠ ತಾವು. ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂರು ತಿಂಗಳು ಊರೆಲ್ಲ ಅಲೆದಿದ್ದೆ, ಯಾರೊಬ್ಬರೂ ನನಗೆ ಈ ಬಾಗಿಲನ್ನು ತೋರಿಸಿರಲಿಲ್ಲ. ನಮ್ಮ ಟ್ರಸ್ಟಿಗಳಲ್ಲಿ ಇಬ್ಬರು ನಿವೃತ್ತ ಸರ್ಕಾರಿ ಅಧಿಕಾರಿಗಳು, ಅವರಿಗೂ ಗೊತ್ತಿರಲಿಲ್ಲ.

ಅರ್ಜಿಯ ಕರಡು ಸಿದ್ಧವಾಗುತ್ತಿದ್ದಾಗ, ಡಿಸೆಂಬರ್‌ನಲ್ಲಿ, ಕಂಪನಿಯ ಯಜಮಾನರೇ ಸಿಕ್ಕರು. ಅವರ ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ ಹೇಳಿ ಕಳುಹಿಸಿದ್ದೆ, ನಾನು ಜಗಳಕ್ಕೆ ಬರುತ್ತಿಲ್ಲ, ಒಂದು ಕಾಫಿ ಕುಡಿಯೋಣ ಎಂದು. ಬಂದರು. ನಲವತ್ತು ದಾಟಿರದ ಮನುಷ್ಯ, ಅರ್ಧದಷ್ಟಾಗಿದ್ದರು. ದೊಡ್ಡ ಗಿರಾಕಿಯೊಬ್ಬರು ದುಡ್ಡು ಕೊಡದೆ ಕೈಯೆತ್ತಿದ್ದರು, ಹುಡುಗರು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು, ಸಾಲ ಬೆಳೆದಿತ್ತು, ತಂದೆಗೆ ಡಯಾಲಿಸಿಸ್ ನಡೆಯುತ್ತಿತ್ತು. ಫೋನ್ ಗಂಟೆ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು ಎಂದರು. ನಾವು ಕೊಟ್ಟ ಹದಿನಾಲ್ಕು ಸಾವಿರ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು, ತಲೆ ತಗ್ಗಿಸಿ.

ಅಲ್ಲೇ ಮೇಜಿನ ಮೇಲೆ, ಅದೇ ನೋಂದಣಿ ಸಂಸ್ಥೆಯಲ್ಲಿ ನಿಲಯದ ಹೆಸರಿನಲ್ಲಿ ಒಂದು ಖಾತೆ ತೆರೆದೆವು. ಅವರು ತಮ್ಮ ಮೊಬೈಲಿನಿಂದ ನಮ್ಮ ಡೊಮೈನ್ ಹೆಸರನ್ನು ಆ ಖಾತೆಗೆ ದಾಟಿಸಿದರು. ಕಾಫಿ ಆರುವುದರೊಳಗೆ ಕೆಲಸ ಮುಗಿದಿತ್ತು. ಹತ್ತು ನಿಮಿಷದ ಕೆಲಸಕ್ಕೆ ನಾವು ಏಳು ತಿಂಗಳು ಕಾದಿದ್ದೆವು. ಹೆಸರಿನ ಅವಧಿ ಮುಗಿಯಲು ಐದು ವಾರ ಉಳಿದಿತ್ತು.

ಅವರು ಸಿಗದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಮೈ ನಡುಗುತ್ತದೆ. ಅವಧಿ ಮುಗಿದ ಹೆಸರು ಹೆಚ್ಚೆಂದರೆ 45 ದಿನ ನೋಂದಣಿ ಸಂಸ್ಥೆಯ ಬಳಿ ಇರುತ್ತದೆ, ಆಮೇಲೆ 30 ದಿನ ಹೆಚ್ಚುವರಿ ಶುಲ್ಕದ ಅವಧಿ, ಕೊನೆಗೆ 5 ದಿನ, ಅಷ್ಟೇ. ಬಳಿಕ ಯಾರು ಬೇಕಾದರೂ ಕೊಳ್ಳಬಹುದು. ಹಳೆಯ, ನಂಬಿಕೆ ಗಳಿಸಿದ ಹೆಸರುಗಳನ್ನೇ ಹುಡುಕಿ ಕೊಂಡು ಜೂಜಿನ ಪುಟ ಹಾಕುವವರಿದ್ದಾರೆ. ನಮ್ಮ ತಾಣದಲ್ಲಿ ದಾನ ನೀಡುವ ಪುಟವಿತ್ತು. ಅದೇ ಹೆಸರಿನಲ್ಲಿ, ಅದೇ ಚಿತ್ರಗಳ ಜೊತೆ, ಕ್ಯೂಆರ್ ಸಂಕೇತ ಮಾತ್ರ ಬದಲಿಸಿ ಯಾರಾದರೂ ಇಟ್ಟಿದ್ದರೆ? ವರ್ಷಕ್ಕೊಮ್ಮೆ ಪಿಂಚಣಿಯಲ್ಲಿ ಐನೂರು ರೂಪಾಯಿ ಕಳುಹಿಸುವ ಹಿರಿಯರಿಗೆ ವ್ಯತ್ಯಾಸ ತಿಳಿಯುತ್ತಿತ್ತೇ?

ಹೆಸರು ಬಂತು, ಆದರೆ ಎಲ್ಲವೂ ಬರಲಿಲ್ಲ. ಪುಟಗಳನ್ನು ನಮ್ಮ ಹುಡುಗರೇ ಇಂಟರ್ನೆಟ್ ಆರ್ಕೈವ್‌ನಿಂದ ಒಂದೊಂದಾಗಿ ಹೆಕ್ಕಿದರು. 1996ರಿಂದ ಜಗತ್ತಿನ ಜಾಲಪುಟಗಳ ನಕಲು ಕೂಡಿಡುತ್ತಿರುವ ಆ ಸಂಸ್ಥೆಯ ಋಣ ನಮ್ಮ ಮೇಲಿದೆ. ಸ್ಮರಣ ಸಂಚಿಕೆಯ ಬರಹಗಳು ಉಳಿದದ್ದು ಹಾಗೆ. ಚಿತ್ರಗಳಲ್ಲಿ ಅರ್ಧ ಹೋದವು. ಹನ್ನೊಂದು ವರ್ಷದ ಅರ್ಜಿಗಳ ದಾಖಲೆ ಪೂರ್ತಿ ಹೋಯಿತು. ನನ್ನನ್ನು ಹೆಚ್ಚು ಕಾಡುವುದು ಇದೇ. ಆ ಅರ್ಜಿಗಳ ಜೊತೆ ಮಕ್ಕಳು ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಕಾರ್ಡಿನ ಪ್ರತಿಗಳನ್ನು ಏರಿಸಿದ್ದರು. ಸರ್ವರ್ ಬಾಡಿಗೆ ನಿಂತ ಮೇಲೆ ಎಲ್ಲವೂ ಅಳಿಸಿಹೋಗಿದೆ ಎಂದು ಯಜಮಾನರು ಹೇಳುತ್ತಾರೆ. ಅವರ ಮಾತನ್ನು ನಂಬುತ್ತೇನೆ, ಆದರೆ ಕಾಗದದಲ್ಲಿ ಪುರಾವೆ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಓದಿದೆ. ನಮ್ಮ ಪರವಾಗಿ ಬೇರೆಯವರು ದತ್ತಾಂಶ ಇಟ್ಟುಕೊಂಡಿದ್ದರೂ ಹೊಣೆ ನಮ್ಮದೇ ಎನ್ನುತ್ತದೆ ಅದು. ಸರಿಯಾಗಿಯೇ ಹೇಳುತ್ತದೆ. ಬಡ ಮನೆಗಳ ಮಕ್ಕಳು ನಮ್ಮನ್ನು ನಂಬಿ ಕೊಟ್ಟ ಕಾಗದಗಳು ಅವು, ಕಂಪನಿಯನ್ನು ನಂಬಿ ಕೊಟ್ಟವಲ್ಲ. ಈ ವರ್ಷದಿಂದ ತಾಣದಲ್ಲಿ ಬರಿಯ ಹೆಸರು, ಊರು, ಶಾಲೆ, ಫೋನ್ ಸಂಖ್ಯೆ ಮಾತ್ರ ಪಡೆಯುತ್ತಿದ್ದೇವೆ. ಪ್ರಮಾಣಪತ್ರಗಳನ್ನು ಸಂದರ್ಶನಕ್ಕೆ ಬಂದಾಗ ನೋಡಿ, ಅಲ್ಲೇ ಮರಳಿಸುತ್ತೇವೆ.

ಕಂಪನಿಯ ಹೆಸರು ಏಕೆ ಬರೆಯಲಿಲ್ಲ ಎಂಬುದು ಈಗ ತಮಗೆ ತಿಳಿದಿರಬಹುದು. ಆ ಮನುಷ್ಯನನ್ನು ಶಿಕ್ಷಿಸುವುದರಿಂದ ಮುಂದಿನ ವರ್ಷ ಮತ್ತೊಂದು ನಿಲಯದ ಬಾಗಿಲಿಗೆ ಬರಬೇಕಾದ ಮಗು ಬರುವುದಿಲ್ಲ. ಒಬ್ಬ ಮನುಷ್ಯ ಸೋತರೆ, ಕಾಯಿಲೆ ಬಿದ್ದರೆ, ತೀರಿಕೊಂಡರೆ ಹತ್ತಾರು ಸಂಸ್ಥೆಗಳ ಹೆಸರು ಅವರ ಜೊತೆಗೇ ಹೋಗುವಂಥ ಈ ಪದ್ಧತಿ ಬದಲಾಗಬೇಕು. ಅದು ತಮ್ಮ ಕೈಯಲ್ಲಿದೆ.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಜಾಲತಾಣ ಮಾಡಿಕೊಡುವ ಕಂಪನಿಗಳು ಕೊಡುವ ಬಿಲ್ಲಿನ ಮೇಲೆ ಒಂದು ಸಾಲು ಇರಲಿ: ಡೊಮೈನ್ ಹೆಸರು ಯಾರ ಹೆಸರಿನಲ್ಲಿ, ಯಾವ ಇಮೇಲ್‌ಗೆ ನೋಂದಣಿಯಾಗಿದೆ, ಅವಧಿ ಎಂದು ಮುಗಿಯುತ್ತದೆ. ಈ ಸಾಲನ್ನು ಬರೆಯಿರಿ ಎಂದು ತಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಲಿ. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳ ಕೆಲಸ ಹಿಡಿಯುವ ಕಂಪನಿಗಳಿಗೆ ಅದು ಕಡ್ಡಾಯವಾಗಲಿ. ಒಂದು ಪುಟದ ಮಾದರಿ ಕರಾರು ಕನ್ನಡದಲ್ಲಿ ಸಿಗಲಿ. ಹೆಸರು ಗಿರಾಕಿಯದು, ಪ್ರವೇಶದ ಗುಪ್ತಪದ ಇಬ್ಬರ ಬಳಿಯೂ ಇರತಕ್ಕದ್ದು, ಮೂರು ತಿಂಗಳಿಗೊಮ್ಮೆ ಪೂರ್ತಿ ನಕಲನ್ನು ಗಿರಾಕಿಗೆ ಒಪ್ಪಿಸತಕ್ಕದ್ದು, ವಿನ್ಯಾಸದ ಹಕ್ಕು ಯಾರಿಗೆಂದು ಬರಹದಲ್ಲಿ ಇರತಕ್ಕದ್ದು ಎಂದು ಅದರಲ್ಲಿ ಬರೆದಿರಲಿ. ಈ ಕೊನೆಯ ಮಾತನ್ನು ಬಿಡಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಬರಹ ಮತ್ತು ಸಹಿ ಇಲ್ಲದೆ ಹಕ್ಕು ವರ್ಗಾವಣೆಯಾಗುವುದಿಲ್ಲ, ದುಡ್ಡು ಕೊಟ್ಟಿದ್ದರೂ ಅಷ್ಟೇ.

ಮತ್ತೆ, ತಮ್ಮ ನ್ಯಾಯಪೀಠ ಇರುವುದು ಜನಕ್ಕೆ ತಿಳಿಯಲಿ. ಅರ್ಜಿಯ ನಮೂನೆ ಕನ್ನಡದಲ್ಲಿರಲಿ. ನಮ್ಮಂಥ ಪ್ರಕರಣ 43ನೇ ಸೆಕ್ಷನ್ನಿನಡಿ ಬರುತ್ತದೆಯೇ ಎಂಬುದನ್ನು ಒಂದು ಆದೇಶದಲ್ಲಿ ತಾವು ಬಿಡಿಸಿ ಹೇಳಿದರೆ, ನೋಂದಣಿ ಸಂಸ್ಥೆಗಳು ಕೇಳುವ ಕಾಗದಕ್ಕೆ ಒಂದು ದಾರಿಯಾಗುತ್ತದೆ. 1997ರಲ್ಲೇ ಮಾಹಿತಿ ತಂತ್ರಜ್ಞಾನ ನೀತಿ ತಂದ ರಾಜ್ಯ ನಮ್ಮದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಈ ಊರಿಗೆ ಬಂದಾಗ, ಅವರ ಉಪಗ್ರಹ ಸಂಪರ್ಕದ ಸುದ್ದಿಯನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಹೆಮ್ಮೆಯಿಂದ ಆಡುತ್ತಿದ್ದರು. ಆ ಹೆಮ್ಮೆಯಲ್ಲಿ ಸಣ್ಣ ಭಜನಾ ಮಂಡಳಿಗೂ, ಹೊಲಿಗೆ ಸಂಘಕ್ಕೂ, ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಗೂ ಪಾಲು ಸಿಗಲಿ.

ಈ ಪತ್ರ ಓದುತ್ತಿರುವ ಇತರ ಸಂಘಗಳ ಕಾರ್ಯದರ್ಶಿಗಳಿಗೆ, ಅಂಗಡಿಯ ಮಾಲೀಕರಿಗೆ ಎರಡು ಮಾತು. ನಿಮ್ಮ ಹೆಸರು ಯಾವ ಸಂಸ್ಥೆಯಲ್ಲಿ ನೋಂದಣಿಯಾಗಿದೆ, ಎಂದು ಮುಗಿಯುತ್ತದೆ ಎಂಬುದು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಮಾಲೀಕರ ಹೆಸರು ಮುಚ್ಚಿರಬಹುದು. ಆಗ ಕಂಪನಿಯನ್ನೇ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಸಂಬಂಧ ಚೆನ್ನಾಗಿರುವಾಗಲೇ ಕೇಳಿ. ಹೆಸರನ್ನು ಹೊಸ ಜಾಗಕ್ಕೆ ತಿರುಗಿಸುವ ಮುನ್ನ ಇಮೇಲ್ ದಾರಿ ತೋರಿಸುವ ಎಂಎಕ್ಸ್ ದಾಖಲೆಗಳನ್ನು ಬರೆದಿಟ್ಟುಕೊಳ್ಳಿ, ಇಲ್ಲವಾದರೆ ತಾಣ ಬರುತ್ತದೆ, ಅಂಚೆ ನಿಲ್ಲುತ್ತದೆ. ನಮಗೆ ಹಾಗೆಯೇ ಆಯಿತು, ನಾಲ್ಕು ದಿನ.

ಕಾರ್ಯದರ್ಶಿಗಳೇ, ಒಂದು ತುರ್ತು ವಿಷಯ ಉಳಿದಿದೆ. ಆ ದಿನ ಕಾಫಿ ಮೇಜಿನ ಮೇಲೆ ಯಜಮಾನರ ಮೊಬೈಲಿನಲ್ಲಿ ಅವರ ಖಾತೆ ತೆರೆದುಕೊಂಡಾಗ ನಮ್ಮ ಹೆಸರಿನ ಕೆಳಗೆ ಇನ್ನೂ ಮೂವತ್ತೆಂಟು ಹೆಸರುಗಳಿದ್ದವು. ಒಂದು ವೃದ್ಧಾಶ್ರಮ, ಎರಡು ಶಾಲೆ, ಒಂದು ಯಕ್ಷಗಾನ ಮಂಡಳಿ, ಉಳಿದವು ಅಂಗಡಿ ಮುಂಗಟ್ಟು. ಹಲವರ ಫೋನ್ ಸಂಖ್ಯೆಗಳು ಅವರ ಬಳಿಯೂ ಇಲ್ಲ. ನಾವಿಬ್ಬರೂ ಸೇರಿ ಹದಿನೇಳು ಮಂದಿಯನ್ನು ಪತ್ತೆ ಹಚ್ಚಿ ಅವರವರ ಹೆಸರನ್ನು ಅವರವರಿಗೆ ದಾಟಿಸಿದ್ದೇವೆ. ಇಪ್ಪತ್ತೊಂದು ಉಳಿದಿವೆ, ಅವುಗಳಲ್ಲಿ ನಾಲ್ಕರ ಅವಧಿ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ಪಟ್ಟಿಯನ್ನು ತಮ್ಮ ಕಚೇರಿಗೆ ಒಪ್ಪಿಸಲು ಅವರು ಒಪ್ಪಿದ್ದಾರೆ, ನನ್ನ ಜೊತೆ ಬರಲೂ ಸಿದ್ಧರಿದ್ದಾರೆ. ಮಂಗಳವಾರ ಮತ್ತು ಶುಕ್ರವಾರ ಅವರ ತಂದೆಗೆ ಡಯಾಲಿಸಿಸ್ ಇರುತ್ತದೆ. ಆ ಎರಡು ದಿನ ಬಿಟ್ಟು ಯಾವ ದಿನ ಬರಲಿ ಎಂದು ದಯವಿಟ್ಟು ತಿಳಿಸಿ.

ತಮ್ಮ ವಿಶ್ವಾಸಿ,
ಒಂದು ಉಚಿತ ವಿದ್ಯಾರ್ಥಿನಿಲಯದ ಗೌರವ ಕಾರ್ಯದರ್ಶಿ
ಚಾಮರಾಜಪೇಟೆ, ಬೆಂಗಳೂರು